ನಾಲ್ಕನೇ ಪಾಠ

ಮಾರ್ಚ್ ೪, ಮಂಗಳವಾರ

ಅಕ್ಕನಿಗೆ ಸಕ್ಕರೆ ಕಾಯಿಲೆಯಂತೆ. ಡಾಕ್ಟರು ರಕ್ತಪರೀಕ್ಷೆಯ ಕಾಗದವನ್ನು ನಮ್ಮ ಕಡೆಗೆ ತಿರುಗಿಸಿ, ಮುನ್ನೂರು ದಾಟಿದ್ದ ಅಂಕಿಯ ಕೆಳಗೆ ಎರಡು ಗೆರೆ ಎಳೆದರು. ಅಕ್ಕ ಕನ್ನಡಕ ಏರಿಸಿಕೊಂಡು ನೋಡಿ, "ಅಲ್ಲ ಡಾಕ್ಟ್ರೇ, ಹುಟ್ಟಿದಾಗಿನಿಂದ ಒಬ್ಬರ ಹತ್ರಾನೂ ಸಿಹಿಯಾಗಿ ಮಾತಾಡಿದವಳಲ್ಲ ನಾನು. ನನಗೆಲ್ಲಿಂದ ಬಂತು ಇದು?" ಎಂದಳು. ಡಾಕ್ಟರು ನಗಲಿಲ್ಲ. ನಾನು ನಕ್ಕುಬಿಟ್ಟೆ, ಆಮೇಲೆ ನಾಚಿಕೆಯಾಯಿತು.

"ಬಹಳ ವರ್ಷದಿಂದ ಒಳಗೇ ಇದ್ದಿರಬೇಕು. ಬರೀ ಮಾತ್ರೆ ನುಂಗಿದ್ರೆ ಸಾಲದು ಅಮ್ಮ. ಆರೋಗ್ಯ ಕೇಂದ್ರದಲ್ಲಿ ಇದರ ಬಗ್ಗೆ ಪಾಠ ಮಾಡ್ತಾರೆ, ಒಟ್ಟು ಆರು. ತಪ್ಪಿಸದೆ ಹೋಗಿ. ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಏನಾದ್ರೆ ಏನು ಮಾಡಬೇಕು, ಎಲ್ಲ ಹೇಳಿಕೊಡ್ತಾರೆ" ಎಂದು ಚೀಟಿ ಬರೆದುಕೊಟ್ಟರು.

ಹೊರಗೆ ಬಂದವಳೇ ಅಕ್ಕ ಎದುರಿನ ಅಂಗಡಿಯಲ್ಲಿ ಟೀ ಹೇಳಿ, ಎರಡು ಚಮಚ ಸಕ್ಕರೆ ಹಾಕಿಸಿಕೊಂಡಳು. ನಾನು ಕಣ್ಣು ಬಿಟ್ಟರೆ, "ಪಾಠ ಶುರುವಾಗೋವರೆಗೂ ನಾನು ಏನೂ ತಿಳಿಯದವಳು ಕಣೇ ಗುಬ್ಬಿ, ನನ್ನನ್ನ ಬೈಯೋ ಹಾಗಿಲ್ಲ" ಎಂದಳು. ನನಗೆ ನಲವತ್ತೆಂಟು ವರ್ಷ. ಈ ಭೂಮಿಯ ಮೇಲೆ ನನ್ನನ್ನು ಇನ್ನೂ ಗುಬ್ಬಿ ಎನ್ನುವವಳು ಇವಳೊಬ್ಬಳೇ.

ಹೆದರಿಕೆಯಾಗಿದೆ. ಅಮ್ಮ ಹೋದಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನೇಳು. ಅವತ್ತಿನಿಂದ ಅವಳೇ ಅಮ್ಮ. ನನ್ನ ಮದುವೆ ಮಾಡಿ ಕಳಿಸಿದಳು. ಅದು ಸರಿಹೋಗದೆ ನಾನು ಒಂದು ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದು ಬಾಗಿಲಲ್ಲಿ ನಿಂತಾಗ ಒಂದೇ ಒಂದು ಪ್ರಶ್ನೆ ಕೇಳದೆ ಇನ್ನೊಂದು ತಟ್ಟೆ ಹಾಕಿದಳು. ಅವಳಿಗೇನಾದರೂ ಆದರೆ ಎಂದು ಯೋಚಿಸಲು ಹೊರಟರೆ ನನ್ನ ತಲೆ ಮುಂದಕ್ಕೇ ಓಡುವುದಿಲ್ಲ.

ಮಾರ್ಚ್ ೬, ಗುರುವಾರ

ಊಟದ ಬಿಡುವಿನಲ್ಲಿ ಆರೋಗ್ಯ ಕೇಂದ್ರಕ್ಕೆ ಓಡಿ ಬಂದೆ. ಮಹಡಿಯ ಮೇಲಿನ ಹಾಲಿನಲ್ಲಿ ಪಾಠ ಮುಗಿದು ಜನ ಇಳಿದು ಬರುತ್ತಿದ್ದರು, ಮದುವೆ ಮನೆಯಿಂದ ಬರುವವರ ಹಾಗೆ ಮಾತಾಡಿಕೊಂಡು. ಕೌಂಟರಿನವನು ಚೀಟಿ ನೋಡಿ ತಲೆಯಾಡಿಸಿದ. ಎದುರು ಕೂತು ಕೇಳುವ ಪಾಠ ಗುರುವಾರ ಬೆಳಗ್ಗೆ ಮಾತ್ರ, ಇರುವುದೇ ಹನ್ನೆರಡು ಕುರ್ಚಿ, ಜೂನ್ ತನಕ ಭರ್ತಿ.

"ಅಲ್ಲೀತನಕ ಕಾಯಿಲೆ ಸುಮ್ನೆ ಇರುತ್ತಾ?" ಎಂದೆ.

"ಫೋನಲ್ಲಿ ಮಾಡ್ತಾರಲ್ಲ ಮೇಡಂ, ಬುಧವಾರ ಒಂದು ಗಂಟೆಗೆ. ವೀಡಿಯೊ ಬರೋ ಫೋನಿದ್ಯಾ?"

ನನ್ನದಿದೆ. ಅಕ್ಕನದು ಗುಂಡಿ ಒತ್ತುವ ಫೋನು. ಎರಡಕ್ಕೂ ಹೆಸರು ಬರೆಸಿ ಬಂದೆ. ಬುಧವಾರಕ್ಕೆ ಫೋನು, ಗುರುವಾರಕ್ಕೆ ಕಾಯುವ ಪಟ್ಟಿ.

ಅಕ್ಕನಿಗೆ ಹೇಳಿದರೆ ಮುಖ ಸಿಂಡರಿಸಿದಳು. "ಎದುರಿಗೆ ಕೂತು ಹೇಳಿದ್ರೆ ತಲೆಗೆ ಹೋಗುತ್ತೆ. ಆ ಡಬ್ಬದೊಳಗಿಂದ ಹತ್ತು ತಲೆ ಒಟ್ಟಿಗೆ ಮಾತಾಡಿದ್ರೆ ನನಗೇನು ಕೇಳಿಸುತ್ತೆ?" ಅವಳು ಹೇಳುವುದರಲ್ಲಿಯೂ ನಿಜವಿದೆ. ಮೂವತ್ತು ವರ್ಷ ಹೊಲಿಗೆ ಯಂತ್ರಗಳ ಗದ್ದಲದ ನಡುವೆ ನಿಂತು ಬಟ್ಟೆ ಕತ್ತರಿಸಿದವಳ ಕಿವಿ ಅದು. ನಮ್ಮದು ಪರದೆ ಹೊಲಿಯುವ ಅಂಗಡಿ. ಅಕ್ಕ ಕತ್ತರಿ, ನಾನು ಯಂತ್ರ. ಯಜಮಾನನನ್ನು ನಾವೆಲ್ಲ ಹಿಂದಿನಿಂದ 'ಇಂಚು' ಎನ್ನುತ್ತೇವೆ. ಒಂದಿಂಚು ಬಟ್ಟೆ ಕಸಕ್ಕೆ ಬಿದ್ದರೂ ಅವನಿಗೆ ಆ ದಿನ ಊಟ ಸೇರುವುದಿಲ್ಲ. ಅಕ್ಕನ ಮೇಜಿನ ಹತ್ತಿರ ಮಾತ್ರ ಅವನು ಅಳತೆ ಟೇಪು ಹಿಡಿದು ಬರುವುದಿಲ್ಲ.

ಮಾರ್ಚ್ ೧೨, ಬುಧವಾರ

ಮೊದಲನೇ ಪಾಠ. ಅಂಗಡಿಯ ಹಿಂದಿನ ಕೋಣೆಯಲ್ಲಿ ದಾರದ ಪೆಟ್ಟಿಗೆಗೆ ಫೋನು ಒರಗಿಸಿಟ್ಟೆ. ಅಕ್ಕ ತಲೆ ಬಾಚಿಕೊಂಡು ಬಂದಳು. ಬಂದವಳು ಹಿಂದಿನ ಗೋಡೆ ನೋಡಿ, "ಇಷ್ಟು ಜನ ನೋಡ್ತಾರಂತೆ, ಗೋಡೆ ಹೀಗಿದ್ರೆ ಹೇಗೆ?" ಎಂದು ಉಳಿಕೆಯ ಹಸಿರು ಪರದೆಯೊಂದನ್ನು ತಂದು ಎರಡು ಮೊಳೆಗೆ ಸಿಕ್ಕಿಸಿದಳು. ನೆರಿಗೆ ಸರಿ ಮಾಡುವಷ್ಟರಲ್ಲಿ ಪಾಠ ಅರ್ಧ ಆಗಿತ್ತು.

ಪಾಠದ ಮೇಡಂ ದನಿ ಮೆತ್ತಗೆ. ಯಾರದೋ ಮನೆಯ ನಾಯಿ ಬೊಗಳುತ್ತಿತ್ತು, ಇನ್ಯಾರೋ ತರಕಾರಿ ಹೆಚ್ಚುತ್ತಿದ್ದರು. ಅಕ್ಕ ಎರಡು ನಿಮಿಷಕ್ಕೊಮ್ಮೆ ನನ್ನ ಪಕ್ಕೆ ತಿವಿದು "ಏನಂದ್ರು? ಏನಂದ್ರು?" ಎನ್ನುತ್ತಿದ್ದಳು. ನಾನು ಅವಳಿಗೆ ಹೇಳುವಷ್ಟರಲ್ಲಿ ಮೇಡಂ ಮುಂದಕ್ಕೆ ಹೋಗಿರುತ್ತಿದ್ದರು. ಕೊನೆಗೆ, "ನೀನೇ ಕೇಳ್ಕೊಂಡು ಆಮೇಲೆ ಹೇಳೇ ಮಾರಾಯ್ತಿ" ಎಂದು ಎದ್ದು ಊಟಕ್ಕೆ ಹೋದಳು.

ಒಂದು ಲೆಕ್ಕಕ್ಕೆ ಅದೇ ವಾಸಿ. ಇಬ್ಬರು ಅರ್ಧರ್ಧ ಕೇಳುವುದಕ್ಕಿಂತ ಒಬ್ಬಳು ಪೂರ್ತಿ ಕೇಳುವುದು ಮೇಲು.

ಮಾರ್ಚ್ ೧೯, ಬುಧವಾರ

ಎರಡನೇ ಪಾಠ, ಊಟದ ತಟ್ಟೆ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಅನ್ನವೋ ಬ್ರೆಡ್ಡೋ, ಇನ್ನು ಕಾಲು ಭಾಗ ಕಾಳು ಅಥವಾ ಮೊಟ್ಟೆ. ಮೇಡಂ ಚಿತ್ರ ತೋರಿಸಿದರು, ನನಗೆ ಚೆನ್ನಾಗಿ ಅರ್ಥವಾಯಿತು.

ಸಂಜೆ ಮನೆಯಲ್ಲಿ ಅಕ್ಕ ಬಡಿಸಲು ಬಂದಾಗ ಸೌಟು ಇಸಿದುಕೊಂಡೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಬಡಿಸಿದವಳು ಅವಳೇ. ನಾನು ಹಾಕಿದ್ದನ್ನು ನೋಡಿ, "ಇದು ಬೆಕ್ಕಿಗಾ ನನಗಾ?" ಎಂದಳು. ಇಬ್ಬರೂ ನಕ್ಕೆವು. ಊಟ ಮಾಡುತ್ತಾ ಇವತ್ತು ಕತ್ತರಿಸಿದ ಹೂವಿನ ಬಟ್ಟೆಯ ಕತೆ ಹೇಳಿದಳು. ಒಬ್ಬ ಗಿರಾಕಿ ಹೂವುಗಳೆಲ್ಲ ತಲೆಕೆಳಗಾಗಿರಲಿ ಎಂದು ಹಟ ಹಿಡಿದನಂತೆ. ಮಂಚದ ಮೇಲೆ ಮಲಗಿ ನೋಡಿದರೆ ಸರಿ ಕಾಣುತ್ತದಂತೆ. ಅಕ್ಕ ಅವನ ನಡಿಗೆ, ಅವನ ಮೂಗಿನ ಮಾತು ಎಲ್ಲ ಮಾಡಿ ತೋರಿಸಿದಳು. ನಕ್ಕು ನಕ್ಕು ನನಗೆ ಊಟ ನೆತ್ತಿಗೆ ಹತ್ತಿತು.

ಮಾರ್ಚ್ ೨೬, ಬುಧವಾರ

ಮಾತ್ರೆಗೆ ಬಗ್ಗುತ್ತಿಲ್ಲವೆಂದು ಡಾಕ್ಟರು ಸೋಮವಾರ ಇಂಜೆಕ್ಷನ್ ಶುರು ಮಾಡಿದರು. ದಿನಾ ಬೆಳಗ್ಗೆ ಮನೆಯಲ್ಲೇ ಚುಚ್ಚಿಕೊಳ್ಳಬೇಕು, ಬೆರಳಿನ ರಕ್ತ ನೋಡುವ ಯಂತ್ರವೂ ಬಂದಿದೆ. ಅಕ್ಕನ ಕಣ್ಣಿಗೆ ಆ ಸಣ್ಣ ಗೆರೆಗಳು ಕಾಣುವುದಿಲ್ಲ, ಹಾಗಾಗಿ ಚುಚ್ಚುವವಳು ನಾನೇ. ಮೊದಲ ದಿನ ನಾನು ಸೂಜಿ ಹಿಡಿದು ಹಿಂದೆಮುಂದೆ ನೋಡಿದ್ದು ಕಂಡು ಅಕ್ಕ, "ಲೋಕದಲ್ಲಿರೋ ಬಟ್ಟೆಗೆಲ್ಲ ಸೂಜಿ ಹಾಕಿದ್ದೀಯ, ಇದೊಂದು ಹೊಟ್ಟೆಗೆ ಹೆದರ್ತೀಯಾ?" ಎಂದು ಧೈರ್ಯ ಹೇಳಿದಳು.

ಮೂರನೇ ಪಾಠವೂ ಔಷಧಿಯದ್ದೇ. ಚುಚ್ಚಿದ ಮೇಲೆ ಊಟ ತಡ ಮಾಡಬಾರದು, ಬಿಡಲೂ ಬಾರದು ಎಂದರು. ಯಾಕೆ ಎಂದು ಯಾರೋ ಕೇಳಿದರು. "ಅದಕ್ಕೇ ಒಂದು ಇಡೀ ಪಾಠ ಇದೆ, ಮುಂದಿನ ವಾರ" ಎಂದು ನಿಲ್ಲಿಸಿದರು.

ಮಾರ್ಚ್ ೩೧, ಸೋಮವಾರ

ಆರೋಗ್ಯ ಕೇಂದ್ರದಿಂದ ಫೋನು. ಗುರುವಾರದ ಪಾಠದಲ್ಲಿ ಯಾರೋ ಊರು ಬಿಟ್ಟರಂತೆ, ಒಂದು ಕುರ್ಚಿ ಖಾಲಿಯಿದೆ, ಈ ವಾರದಿಂದಲೇ ಬರಬಹುದು, ಜೊತೆಗೊಬ್ಬರನ್ನು ಕರೆತರಬಹುದು ಎಂದರು. ನಾನು ಬೇಡ ಎಂದೆ. ದೊಡ್ಡ ಹೋಟೆಲಿನ ಕಿಟಕಿಗಳ ಕೆಲಸ ಬಂದು ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅಕ್ಕ ಒಂದು ಬೆಳಗ್ಗೆ ಕತ್ತರಿ ಕೆಳಗಿಟ್ಟರೆ ಆರು ಯಂತ್ರ ನಿಲ್ಲುತ್ತವೆ. ಅದೂ ಅಲ್ಲದೆ ಅರ್ಧ ಪಾಠ ನಾನಾಗಲೇ ಕಲಿತಾಗಿದೆ. ಮತ್ತೆ ಅದನ್ನೇ ಕೇಳುವುದು ಯಾಕೆ?

ಪಾತ್ರೆ ತೊಳೆಯುವಾಗ ಅಕ್ಕನಿಗೆ ಹೇಳಿದೆ. ಒರೆಸುತ್ತಿದ್ದ ತಟ್ಟೆಯನ್ನು ಕೈಯಲ್ಲಿಟ್ಟುಕೊಂಡೇ ನಿಂತಳು.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೇ."

"ಕೇಳಿದ್ರೆ ಹೋಗ್ತಿದ್ಯಾ?"

"ಹೋಗ್ತಿದ್ದೆ."

"ಇಂಚು ಬಿಡ್ತಿದ್ನಾ?"

"ಇಂಚನ್ನ ನಾನು ನೋಡ್ಕೋತಿದ್ದೆ. ಕಾಯಿಲೆ ನನ್ನದು ಗುಬ್ಬಿ. ನನಗೂ ನಾಲ್ಕು ಜನರ ಹತ್ರ ಕೂತು, ನಿಮಗೆ ಹೇಗಾಗುತ್ತೆ, ನನಗೆ ಹೀಗಾಗುತ್ತೆ ಅಂತ ಮಾತಾಡಬೇಕು ಅನ್ಸಲ್ವಾ?"

ಹೊತ್ತು ಕಳೆಯಲು ಜನ ಬೇಕಾಗಿದೆ ಇವಳಿಗೆ, ಅಷ್ಟೇ. ಪಾಠಕ್ಕೂ ಹರಟೆಗೂ ವ್ಯತ್ಯಾಸ ಬೇಡವೇ? ನಾನು ಹೇಳಿಕೊಡುತ್ತಿಲ್ಲವೇ?

ಏಪ್ರಿಲ್ ೨, ಬುಧವಾರ

ಇಂಚು ಇವತ್ತು ಊಟದ ಬಿಡುವನ್ನೇ ಅರ್ಧಕ್ಕೆ ಇಳಿಸಿದ. ಫೋನು ಹಚ್ಚಿದಾಗ ಪಾಠ ಶುರುವಾಗಿತ್ತು. ಫೋನಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಸಕ್ಕರೆ ಕಡಿಮೆಯಾದಾಗ ಏನು ಮಾಡಬೇಕು, ಎಂದು ಬರೆದಿತ್ತು. ಆ ಕಡೆ ಇಂಚು ಕೂಗುತ್ತಿದ್ದ. ಫೋನು ಆರಿಸಿ ಯಂತ್ರಕ್ಕೆ ಬಂದು ಕೂತೆ. ನಮ್ಮ ತಾಪತ್ರಯ ಏರುವುದರದ್ದು, ಇಳಿಯುವುದರದ್ದಲ್ಲ. ಇಳಿದರೆ ಅಂಗಡಿಯವರಿಗೆಲ್ಲ ನಾನೇ ಟೀ ಕೊಡಿಸುತ್ತೇನೆ.

ಸಂಜೆ ಬರುವಾಗ ಅಕ್ಕ, "ಇವತ್ತೇನು ಹೇಳಿದ್ರು?" ಎಂದಳು.

"ಸಕ್ಕರೆ ಕಮ್ಮಿ ಆಗೋದರ ಬಗ್ಗೆ. ಅದು ನಿನಗಲ್ಲ ಬಿಡು" ಎಂದೆ.

ಏಪ್ರಿಲ್ ೭, ಸೋಮವಾರ

ಬೆಳಗ್ಗೆ ನೂರ ಹನ್ನೆರಡು. ಮುನ್ನೂರರಿಂದ ಇಲ್ಲಿಗೆ! ಇದಕ್ಕೆ ಕಾರಣ ನನ್ನ ತಟ್ಟೆಯೇ ಹೊರತು ಇನ್ನೇನೂ ಅಲ್ಲ.

ಸಂಜೆ ಎಲ್ಲ ಕೆಟ್ಟಿತು. ನಾವಿರುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಕೆಳಗಿನ ಪಂಕ್ಚರ್ ತಾತನ ಜೊತೆ ಅಕ್ಕ ಸ್ಟೂಲಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು. ನಾನು ಬೀದಿಯಲ್ಲೇ ಬಾಯಿಗೆ ಬಂದಂತೆ ಅಂದೆ. ತಾತ, "ಹಸಿವು ಅಂದ್ಲು, ಕೊಟ್ಟೆ. ಹಸಿದವರಿಗೆ ಕೊಡೋದೂ ತಪ್ಪಾ ತಾಯಿ?" ಎಂದು ಗೊಣಗಿದ. ಮೇಲೆ ಬಂದು ಸಕ್ಕರೆ ಡಬ್ಬಿ, ಜಾಮ್ ಬಾಟಲಿ, ಬಿಸ್ಕತ್ತು ಎಲ್ಲವನ್ನೂ ನನ್ನ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ.

"ನನ್ನ ಕೈತುತ್ತು ತಿಂದು ಬೆಳೆದವಳು ನನಗೇ ಬೀಗ ಹಾಕ್ತೀಯಾ?" ಎಂದು ಅಕ್ಕ ನಗಲು ನೋಡಿದಳು. ನಾನು ನಗಲಿಲ್ಲ. ಯಾರಾದರೊಬ್ಬರು ಗಟ್ಟಿಯಾಗಿರಬೇಕು.

ಏಪ್ರಿಲ್ ೯, ಬುಧವಾರ

ಬೆಳಗ್ಗೆ ತೊಂಬತ್ತೆಂಟು.

ಐದನೇ ಪಾಠ, ಪಾದಗಳ ಆರೈಕೆ. ಪೂರ್ತಿ ಕೇಳಿದೆ. ಮನೆಗೆ ಬಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಅಕ್ಕನ ಪಾದ ತೊಳೆದೆ, ಬೆರಳ ಸಂದಿಯನ್ನೆಲ್ಲ ಒರೆಸಿ ನೋಡಿದೆ. ದಿನವಿಡೀ ನಿಂತು ನಿಂತು ಹಿಮ್ಮಡಿ ಕಲ್ಲಾಗಿದೆ. ಅವಳ ಪಾದವನ್ನು ನಾನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಕಿರುಬೆರಳು ಇಬ್ಬರದೂ ಒಂದೇ ಥರ, ಒಳಕ್ಕೆ ಮಡಚಿಕೊಂಡಿದೆ.

"ಮಣ್ಣಲ್ಲಿ ಆಡ್ಕೊಂಡು ಬಂದಾಗ ನಿನಗೆ ಹೀಗೇ ತೊಳೀತಿದ್ದೆ. ಕಚಗುಳಿ ಅಂತ ಒದೀತಿದ್ದೆ ನೀನು" ಎಂದಳು. ನನಗೆ ಅಳು ಬಂತು. ಬೇಗ ಬೋಗುಣಿ ಎತ್ತಿಕೊಂಡು ಹೋದೆ.

ಏಪ್ರಿಲ್ ೧೧, ಶುಕ್ರವಾರ

ಎಂಬತ್ತನಾಲ್ಕು. ಮುಂದಿನ ವಾರ ಡಾಕ್ಟರ ಮುಂದೆ ಈ ಅಂಕಿಗಳನ್ನಿಟ್ಟರೆ ಅವರು ಕುರ್ಚಿಯಿಂದ ಏಳಬೇಕು.

ರಾತ್ರಿಯ ಬ್ರೆಡ್ಡನ್ನು ಒಂದೇ ತುಂಡಿಗೆ ಇಳಿಸಿದ್ದೇನೆ. ಬೆಳಗ್ಗೆ ಎದ್ದಾಗ ಅಕ್ಕನ ರವಿಕೆ ಬೆವರಿಗೆ ತೊಯ್ದಿತ್ತು. ಸೆಖೆ. ತಲೆನೋವು, ಹಸಿವು ಎಂದಳು. ಹೊಟ್ಟೆಗೆ ಅಭ್ಯಾಸವಾಗಬೇಕು, ಆಗುತ್ತದೆ. ಮಾತು ಕಮ್ಮಿ ಮಾಡಿದ್ದಾಳೆ. ಒಳ್ಳೆಯದೇ, ಹಟವೂ ಕಮ್ಮಿಯಾಗಿದೆ.

ಏಪ್ರಿಲ್ ೧೫, ಮಂಗಳವಾರ

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ನಿನ್ನೆ ಬೆಳಗ್ಗೆ ಎಪ್ಪತ್ತೆಂಟು ಬಂದಿತ್ತು. ಹೋಟೆಲಿನ ಕೆಲಸ ಒಪ್ಪಿಸುವ ದಿನ. ಹೊತ್ತಾಗಿತ್ತು. ಇಂಜೆಕ್ಷನ್ ಚುಚ್ಚಿ, ಅರ್ಧ ತುಂಡು ಬ್ರೆಡ್ಡು ಕೊಟ್ಟು ಹೊರಡಿಸಿದೆ. ಮಧ್ಯಾಹ್ನ ಇಂಚು ಊಟದ ಹೊತ್ತನ್ನು ಮುಂದಕ್ಕೆ ಹಾಕಿದ. ಕೊನೆಯ ಮಖಮಲ್ಲು ಮುಗಿಸಿಯೇ ಏಳಿ ಎಂದ. ಅಕ್ಕ ಮೊದಲು ಸುಮ್ಮನಿದ್ದಳು. ಆಮೇಲೆ ಇಸ್ತ್ರಿಯವಳ ಮೇಲೆ ಸುಮ್ಮಸುಮ್ಮನೆ ಸಿಡುಕಿದಳು. ಇನ್ನೊಂದು ಸ್ವಲ್ಪ ಹೊತ್ತಿಗೆ ಕತ್ತರಿಯ ಸದ್ದು ನಿಂತಿತು. ತಲೆ ಎತ್ತಿ ನೋಡಿದರೆ, ಉದ್ದಕ್ಕೆ ಕತ್ತರಿಸಬೇಕಾದ ಮಖಮಲ್ಲನ್ನು ನಟ್ಟನಡುವೆ ಅಡ್ಡಕ್ಕೆ ಕತ್ತರಿಸಿದ್ದಳು. ಅಕ್ಕ! ಕಣ್ಣು ಮುಚ್ಚಿ ಕತ್ತರಿಸಿದರೂ ಗೆರೆ ತಪ್ಪದ ನನ್ನ ಅಕ್ಕ. ಇಂಚು ಬಾಯಿ ತೆರೆದುಕೊಂಡು ನಿಂತ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬನ್ನಿನ ಸಿಟ್ಟು, ಬೀಗದ ಸಿಟ್ಟನ್ನೆಲ್ಲ ಬಟ್ಟೆಯ ಮೇಲೆ ತೀರಿಸಿಕೊಂಡಳು ಎಂದುಕೊಂಡೆ.

ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. "ಗುಬ್ಬಿ, ಏನೋ ಒಂಥರಾ ಆಗ್ತಿದೆ ಕಣೇ" ಎಂದು ಇಂಚುವಿನ ಟೀ ತಟ್ಟೆಯಲ್ಲಿದ್ದ ಬಿಸ್ಕತ್ತಿಗೆ ಕೈ ಚಾಚಿದಳು. ಕೈ ನಡುಗುತ್ತಿತ್ತು. ನಾನು ತಟ್ಟೆಯನ್ನು ಎಳೆದುಕೊಂಡೆ.

"ಇಷ್ಟು ಬಟ್ಟೆ ಹಾಳು ಮಾಡಿ ನಿನಗೆ ಬಿಸ್ಕತ್ತು ಬೇರೆ ಕೇಡು! ನಾಟಕ ಬೇಡ."

"ಒಂದೇ ಒಂದು ಕೊಡೇ."

"ಎಪ್ಪತ್ತೆಂಟು ಬಂದಿದೆ ಬೆಳಗ್ಗೆ. ಅದನ್ನೂ ಹಾಳು ಮಾಡ್ಕೋತೀಯಾ?"

ನನ್ನ ಮುಖ ನೋಡಿದಳು, ನಾನು ಯಾರೆಂದು ಗೊತ್ತಾಗದವರ ಹಾಗೆ. ಆಮೇಲೆ ತಿರುಗಿ ಬೇರೆ ಬಟ್ಟೆ ಇಳಿಸಲು ಅಟ್ಟದ ಏಣಿ ಹತ್ತತೊಡಗಿದಳು. ಯಾರೂ ಹೇಳಿರಲಿಲ್ಲ. ನಾನು ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡೇ ಅವಳ ಬೆನ್ನು ನೋಡುತ್ತಿದ್ದೆ. ಅವಳ ಕೈ ಏಣಿಯಿಂದ ಜಾರಿತು. ತಲೆ ಯಂತ್ರದ ಕಬ್ಬಿಣದ ಕಾಲಿಗೆ ಬಡಿಯಿತು.

ಎಚ್ಚರವಾಗಿಲ್ಲ.

ಏಪ್ರಿಲ್ ೧೬, ಬುಧವಾರ

ಇಲ್ಲಿನ ಡಾಕ್ಟರು ಕರೆದು ಕೂರಿಸಿದರು. ಚಿಕ್ಕ ವಯಸ್ಸಿನವರು, ಒರಟಾಗಿ ಮಾತಾಡಲಿಲ್ಲ.

"ತಂದಾಗ ಸಕ್ಕರೆ ತೀರಾ ಇಳಿದುಹೋಗಿತ್ತು. ಅದಕ್ಕೇ ತಲೆ ತಿರುಗಿ ಬಿದ್ದಿದ್ದಾರೆ. ಅದನ್ನ ಸರಿ ಮಾಡಿದ್ವಿ, ಆದ್ರೆ ತಲೆಯೊಳಗೆ ರಕ್ತಸ್ರಾವ ಆಗಿದೆ. ಬೀಳೋಕೆ ಮುಂಚೆ ಬೆವರು, ನಡುಕ ಏನಾದ್ರೂ ಇತ್ತಾ?"

"ಇತ್ತು."

"ತಿನ್ನೋಕೆ ಏನಾದ್ರೂ ಕೇಳಿದ್ರಾ?"

"ಕೇಳಿದ್ಲು."

ಅವರು ಕೈಯಲ್ಲಿದ್ದ ಕಾಗದ ತಿರುವಿದರು. "ಸ್ವಲ್ಪ ಸಕ್ಕರೆ ನೀರು ಸಾಕಾಗಿರೋದು. ಪಾಠಕ್ಕೆ ಹೋಗ್ತಿದ್ರಿ ಅಂತ ಇದೆ ಇಲ್ಲಿ. ಇದನ್ನ ಹೇಳಿಕೊಡಲಿಲ್ವಾ?"

"ಹೇಳಿಕೊಟ್ಟಿರಬೇಕು" ಎಂದೆ.

ಏಪ್ರಿಲ್ ೧೭, ಗುರುವಾರ

ಅಕ್ಕ ಹೋದಳು. ಬೆಳಗ್ಗೆ.

ಮೇ ೬, ಮಂಗಳವಾರ

ಏನು ಬರೆಯಲಿ? ಮನೆಯಲ್ಲಿ ಎರಡು ತಟ್ಟೆ ಇಳಿಸಿ ಒಂದನ್ನು ಮೇಲಿಡುತ್ತೇನೆ, ದಿನವೂ.

ಎಲ್ಲರೂ ಒಂದೇ ಮಾತು ಹೇಳುತ್ತಾರೆ. ನೀನು ತಾಯಿ ಹಾಗೆ ನೋಡಿಕೊಂಡೆ, ನಿನ್ನ ಕೈಲಾದದ್ದೆಲ್ಲ ಮಾಡಿದೆ ಎಂದು. ಹೂಂ ಎನ್ನುತ್ತೇನೆ. ಪಂಕ್ಚರ್ ತಾತ ಒಬ್ಬ ಮಾತ್ರ ಏನೂ ಹೇಳುವುದಿಲ್ಲ. ನಾನು ಮೆಟ್ಟಿಲು ಇಳಿಯುವುದು ಕಂಡರೆ ಚಕ್ರದ ಕಡೆ ತಿರುಗಿಕೊಳ್ಳುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಡೀ ಬೀದಿಯಲ್ಲಿ ನಿಜ ಹೇಳುತ್ತಿರುವುದು ಅವನ ಬೆನ್ನೊಂದೇ.

ಅಂಗಡಿಯಲ್ಲಿ ಕತ್ತರಿ ಮೇಜಿಗೆ ಬೇರೆ ಯಾರೂ ನಿಲ್ಲಲು ಒಪ್ಪಲಿಲ್ಲ, ಹಾಗಾಗಿ ನಾನು ನಿಲ್ಲುತ್ತಿದ್ದೇನೆ. ಇಂಚು ಟೇಪು ಹಿಡಿದು ಎರಡು ಸಲ ಬಂದು ಹೋದ. ಹೊಸದಾಗಿ ಸೇರಿದ ಹುಡುಗಿ ಊಟ ಬಿಟ್ಟು ಕೆಲಸ ಮಾಡುತ್ತಿದ್ದಳು. ಮೊದಲು ಉಂಡು ಬಾ, ಬಟ್ಟೆ ಎಲ್ಲಿಗೂ ಓಡಿಹೋಗಲ್ಲ ಎಂದು ಕಳಿಸಿದೆ. ಇಂಚು ಏನೋ ಅನ್ನಲು ಬಂದ, ನನ್ನ ಕೈಯಲ್ಲಿದ್ದ ಕತ್ತರಿ ನೋಡಿ ಟೇಪು ಸುತ್ತಿಕೊಂಡು ಹೋದ.

ಮೇ ೧೩, ಮಂಗಳವಾರ

ಆರೋಗ್ಯ ಕೇಂದ್ರಕ್ಕೆ ಹೋದೆ. ಯಾಕೆ ಹೋದೆನೆಂದು ಹೊರಡುವಾಗ ನನಗೇ ಗೊತ್ತಿರಲಿಲ್ಲ. ಕೌಂಟರಿನವನು, "ರೋಗಿ ಬಂದಿದ್ದಾರಾ?" ಎಂದ.

"ಇಲ್ಲ."

"ಯಾವಾಗ ಬರ್ತಾರೆ?"

"ಬರಲ್ಲ. ನನಗೇ ಬೇಕು. ಒಂದೇ ಒಂದು ಪಾಠ, ನಾಲ್ಕನೇದು."

"ರೋಗಿ ಇಲ್ದೆ ಜೊತೆಗಾರರನ್ನ ಮಾತ್ರ ಸೇರಿಸ್ಕೊಳ್ಳೋ ಹಾಗಿಲ್ಲ ಮೇಡಂ. ಕಾಯೋರು ಬೇಕಾದಷ್ಟು ಜನ ಇದ್ದಾರೆ" ಎಂದ. ಅವನು ಹೇಳಿದ್ದು ನ್ಯಾಯವೇ. ಆದರೂ ನನ್ನ ಕಾಲು ಅಲ್ಲಿಂದ ಏಳಲಿಲ್ಲ. ಹಿಂದಿನವರು ಮುಂದೆ ಬರಲು ತಳ್ಳುತ್ತಿದ್ದರು, ನಾನು ಕೌಂಟರಿನ ಅಂಚು ಹಿಡಿದುಕೊಂಡು ನಿಂತೇ ಇದ್ದೆ.

ಅಷ್ಟರಲ್ಲಿ ಪಾಠದ ಮೇಡಂ ಆ ದಾರಿಯಲ್ಲಿ ಬಂದರು. ಫೋನಿನಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದಾರೆ. "ಹಸಿರು ಪರದೆ ಮುಂದೆ ಕೂರ್ತಿದ್ರಲ್ಲ, ನೀವಲ್ವಾ? ಅಕ್ಕ ಹೇಗಿದ್ದಾರೆ?" ಎಂದರು.

ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಕುರ್ಚಿ ಬೇಡ ಎಂದದ್ದು, ಫೋನು ಆರಿಸಿದ್ದು, ತಟ್ಟೆ ಎಳೆದುಕೊಂಡದ್ದು. ಯಾರಿಗೂ ಹೇಳಿರಲಿಲ್ಲ. ನಿಮ್ಮ ತಪ್ಪಲ್ಲ ಎಂದುಬಿಡುತ್ತಾರೇನೋ ಎಂದು ಭಯವಾಗಿತ್ತು. ಅವರು ಹಾಗನ್ನಲಿಲ್ಲ. ಕಣ್ಣೊರೆಸಿಕೊಂಡು, "ಆ ಪಾಠವನ್ನೇ ನಾನು ಮೊದಲು ಇಡಬೇಕಿತ್ತು" ಎಂದರು. ಹೊರಡುವಾಗ, "ಮುಂದಿನ ವಾರ ಗುರುವಾರ ನಾಲ್ಕನೇದು. ನನ್ನ ಕುರ್ಚಿ ನಿಮಗೆ ಕೊಡ್ತೀನಿ, ನಾನು ಹೇಗೂ ನಿಂತೇ ಇರ್ತೀನಿ" ಎಂದರು.

ಮೇ ೨೨, ಗುರುವಾರ

ಇಂಚುವಿಗೆ ಬೆಳಗ್ಗೆ ಬರುವುದಿಲ್ಲ ಎಂದು ಹೇಳಿ ಹೋದೆ. ಅವನು ಏನೆಂದನೋ ಕೇಳಿಸಿಕೊಳ್ಳಲಿಲ್ಲ.

ಮಹಡಿಯ ಹಾಲಿನಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ಕಿಟಕಿಯ ಪರದೆಗಳು ನೆಲದಿಂದ ಗೇಣುದ್ದ ಮೇಲಕ್ಕಿದ್ದವು. ಅಕ್ಕ ಕಂಡಿದ್ದರೆ ಪಾಠ ಬಿಟ್ಟು ಅದನ್ನೇ ಆಡಿಕೊಳ್ಳುತ್ತಿದ್ದಳು. ಜನ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು. ನಿಮಗೆ ರಾತ್ರಿ ಕಾಲು ಉರಿಯುತ್ತಾ, ನನಗೆ ಬೆಳಗಿನ ಜಾವ ಬಾಯಿ ಒಣಗುತ್ತೆ, ನಾನು ಒಂದು ತುತ್ತು ಅನ್ನ ಜಾಸ್ತಿ ತಿಂದರೆ ನನ್ನ ಮಗಳು ಮುಖ ಊದಿಸಿಕೊಳ್ಳುತ್ತಾಳೆ. ಎಲ್ಲರೂ ಒಬ್ಬರಿಗೊಬ್ಬರು ತಲೆಯಾಡಿಸುತ್ತಿದ್ದರು. ಅಕ್ಕನಿಗೆ ಬೇಕಾಗಿದ್ದದ್ದು ಇದು. ಹರಟೆ ಎಂದುಕೊಂಡಿದ್ದೆ ನಾನು.

ಮೇಡಂ ಒಂದೊಂದೇ ಲಕ್ಷಣ ಹೇಳುತ್ತಾ ಹೋದರು. ಬೆವರು, ನಡುಕ, ಹಸಿವು, ಸಿಡುಕು. ತಿಳಿದ ಕೆಲಸವೂ ತಪ್ಪುವುದು. ಎದುರಿಗಿರುವವರ ಗುರುತು ಹತ್ತದಿರುವುದು. ಪ್ರತಿಯೊಂದೂ ನನಗೆ ಗೊತ್ತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. "ಹೀಗಾದವರು ಸಿಹಿ ಕೇಳಿದ್ರೆ ಮೊದಲು ಕೊಡಿ, ಆಮೇಲೆ ಬೇಕಾದ್ರೆ ಬೈಯಿರಿ" ಎಂದಾಗ ಎಲ್ಲರೂ ನಕ್ಕರು.

ಆಮೇಲೆ ಇಬ್ಬಿಬ್ಬರಾಗಿ ಅಭ್ಯಾಸ ಮಾಡಿ ಎಂದರು. ಒಬ್ಬರು ಸಕ್ಕರೆ ಇಳಿದವರು, ಇನ್ನೊಬ್ಬರು ನೋಡಿಕೊಳ್ಳುವವರು. ನನ್ನ ಪಕ್ಕದಲ್ಲಿ ಹೆಣಿಗೆ ಚೀಲ ತಂದಿದ್ದ ವಯಸ್ಸಾದ ಅಮ್ಮ ಇದ್ದರು. "ಶಾಲೇಲಿ ನಾಟಕಕ್ಕೆ ಬಹುಮಾನ ತಗೊಂಡವಳು ನಾನು, ನೋಡ್ತಿರಿ" ಎಂದು ಕೈಗಳನ್ನು ಗಡಗಡ ನಡುಗಿಸಿ ಕುರ್ಚಿಗೆ ಒರಗಿದರು. ಲೋಟದಲ್ಲಿದ್ದದ್ದು ಬರೀ ನೀರು, ಸಕ್ಕರೆ ಹಾಕಿದ್ದೇವೆ ಎಂದುಕೊಳ್ಳಬೇಕಿತ್ತು. ನಾನು ಚಮಚದಿಂದ ಕದಡಿದೆ. ಎಡಗೈಯನ್ನು ಅವರ ಕತ್ತಿನ ಹಿಂದಿಟ್ಟು ಲೋಟವನ್ನು ತುಟಿಗೆ ಹಿಡಿದೆ.

ಒಂದು ಗುಟುಕು ಕುಡಿದು, "ಸಾಕಲ್ವಾ ಮಗಾ? ಇದು ಬರೀ ಆಟ" ಎಂದರು.

"ಸಾಲದು. ಪೂರ್ತಿ ಕುಡೀರಿ."

ನನ್ನ ಮುಖ ನೋಡಿದರು. ಅವರ ನಡುಗುವ ಕೈ ನಿಂತಿತು. ಮತ್ತೇನೂ ಕೇಳದೆ ಕೊನೆಯ ಹನಿಯವರೆಗೂ ಕುಡಿದರು.

"ಕೊಟ್ಟ ಮೇಲೆ ಹದಿನೈದು ನಿಮಿಷ ಬಿಟ್ಟು ಮತ್ತೆ ರಕ್ತ ನೋಡಬೇಕು. ಅಲ್ಲೀವರೆಗೂ ಅವರನ್ನ ಒಂಟಿಯಾಗಿ ಬಿಡಬೇಡಿ" ಎಂದು ಹೇಳಿ ಮೇಡಂ ಪಾಠ ಮುಗಿಸಿದರು. ಜನ ಕುರ್ಚಿ ಸರಿಸಿ 'ಮುಂದಿನ ವಾರ ಸಿಗೋಣ' ಎಂದುಕೊಳ್ಳುತ್ತಾ ಮೆಟ್ಟಿಲಿಳಿದು ಹೋದರು. ನಾನು ಏಳಲಿಲ್ಲ. ಹೆಣಿಗೆಯ ಅಮ್ಮ ಒಮ್ಮೆ ಬಾಗಿಲ ಕಡೆ, ಒಮ್ಮೆ ನನ್ನ ಕಡೆ ನೋಡಿ, ಚೀಲದಿಂದ ಉಲ್ಲನ್ ತೆಗೆದು ಹೆಣೆಯುತ್ತಾ ಕೂತರು. ಹದಿನೈದು ನಿಮಿಷ ಇನ್ನೂ ಆಗಿರಲಿಲ್ಲ.